ಬರಿಗಾಲಿನ ಬಿರುದು

ಮರ್ಯಾದೆ ಬೇಕು, ಮರ್ಯಾದೆ ಬೇಕು ಎಂದು ಹಂಬಲಿಸುವವರು ಅದು ಅತಿಯಾದಾಗ ಹೇಗಿರುತ್ತದೆಂದು ಕಂಡವರಲ್ಲ. ನಾನು ಕಂಡಿದ್ದೇನೆ. ಎಪ್ಪತ್ತರ ದಶಕದಲ್ಲಿ ನಾವು ಕಡಲಾಚೆ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಬಾಡಿಗೆಗಿದ್ದ ಮನೆಯ ಒಡತಿ, ಇಟಲಿಯ ಮುದುಕಿ ರೋಸಾ, ನನ್ನನ್ನು ‘ಸಿನ್ಯೋರೆ’ ಎಂದೇ ಕರೆಯುತ್ತಿದ್ದಳು. ನಮ್ಮಲ್ಲಿ ‘ಸ್ವಾಮಿಯವರೇ’ ಎನ್ನುವ ಹಾಗೆ. ಮಗ, ಅಳಿಯ, ಟಪಾಲಿನವನು ಎಲ್ಲರೂ ಅವಳ ಬಾಯಲ್ಲಿ ‘ಮಸ್ಕಲ್ಜೋನೆ’, ಅಂದರೆ ಪೋಕರಿ. ಆ ಪೋಕರಿಗಳೆಲ್ಲ ಭಾನುವಾರ ಹಿತ್ತಿಲ ಅಂಜೂರದ ಗಿಡದ ಪಕ್ಕ ಮೇಜು ಹಾಕಿಕೊಂಡು ಗದ್ದಲ ಮಾಡುತ್ತಾ ಉಣ್ಣುವರು. ಸಿನ್ಯೋರೆಗೆ ಮಾತ್ರ ತಟ್ಟೆಗೆ ಬಟ್ಟೆ ಮುಚ್ಚಿ ಮಹಡಿಗೆ ಕಳಿಸುವಳು. ಅವರ ನಗು ಕೇಳುತ್ತಾ ಕಿಟಕಿಯ ಬಳಿ ತಣ್ಣಗಾದ ಬದನೆಕಾಯಿ ತಿನ್ನುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಊರು ಬಿಟ್ಟು ಬಂದವನಿಗೆ ಬೈಯಲು ಒಬ್ಬರು ಹಿರಿಯರಾದರೂ ಬೇಡವೇ?

“ನಿಮ್ಮ ಮುಖದಲ್ಲಿ ಪೋಕರಿ ಕಳೆಯೇ ಇಲ್ಲ ಕಣ್ರೀ, ಏನ್ ಮಾಡಕ್ಕಾಗತ್ತೆ?” ಎಂದು ನನ್ನ ಹೆಂಡತಿ ಪದ್ಮ ಕನಿಕರಪಟ್ಟಳು.

ಬಿಡುತ್ತೇನೆಯೇ? ಲೈಬ್ರರಿಗೆ ಹೋಗಿ ದಪ್ಪ ಇಟಾಲಿಯನ್ ನಿಘಂಟು ಇಳಿಸಿದೆ. ‘ಮಸ್ಕಲ್ಜೋನೆ’ ಎಂದು ಸಿಟ್ಟಿನಲ್ಲಿ ಅಂದರೆ ನೀಚ, ಠಕ್ಕ. ಸಲಿಗೆಯಲ್ಲಿ ಅಂದರೆ ತುಂಟ. ನಮ್ಮಜ್ಜಿ ‘ಕಳ್ಳ ಮುಂಡೇದೇ’ ಎನ್ನುತ್ತಲೇ ಉಂಡೆ ಕೊಡುತ್ತಿದ್ದಳಲ್ಲ, ಅದೇ ಜಾತಿಯ ಮಾತು. ಆ ಪದ ಹುಟ್ಟಿದ್ದು ಕುದುರೆ ಲಾಯದಲ್ಲಂತೆ. ಲಾಳ ಕಟ್ಟುವವನ ಆಳು ಎಂದಿದ್ದದ್ದು ಕೆಡುತ್ತಾ ಕೆಡುತ್ತಾ ಪೋಕರಿಯಾಯಿತಂತೆ. ಬರಿಗಾಲಿನವನು ಎಂಬ ಮಾತೂ ಅದರಲ್ಲಿ ಬೆರೆತಿರಬೇಕೆಂದು ಕೆಲವು ಪಂಡಿತರ ವಾದ. ಕುದುರೆಯನ್ನು ನಾನು ಮೈಸೂರಿನ ಜಟಕಾದ ಹಿಂದೆ ಕೂತು ಕಂಡವನು, ಅಷ್ಟೇ. ಆದರೆ ಬರಿಗಾಲು? ನಮ್ಮ ಮನೆಯಲ್ಲಿ ಹೊಸ್ತಿಲ ಒಳಗೆ ಜೋಡು ಬಂದದ್ದುಂಟೇ!

ಮುಂದಿನ ಭಾನುವಾರ ಪ್ಯಾಂಟು ಮಡಿಸಿ ಬರಿಗಾಲಲ್ಲೇ ಹಿತ್ತಿಲಿಗಿಳಿದೆ. ಆ ವರ್ಷದ ಮೊದಲ ಅಂಜೂರದ ಹಣ್ಣನ್ನು ರೋಸಾ ಯಾರಿಗೂ ಮುಟ್ಟಗೊಡದೆ ಕಾಯುತ್ತಿದ್ದಳು. ಬೆಂಚು ಹತ್ತಿ ಅದನ್ನೇ ಕಿತ್ತೆ. ಸೌಟು ಹಿಡಿದು ಹೊರಬಂದ ರೋಸಾ ನನ್ನ ಕೈ ನೋಡಿದಳು, ಕಾಲು ನೋಡಿದಳು. “ಸಿನ್ಯೋರೆ...” ಎಂದಳು. ಅಯ್ಯೋ, ಕೆಲಸ ಕೆಟ್ಟಿತು ಎಂದುಕೊಂಡು ಹಣ್ಣನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡುಬಿಟ್ಟೆ.

“ಮಸ್ಕಲ್ಜೋನೆ!” ಬೀದಿಗೆಲ್ಲ ಕೇಳಿಸುವಂತೆ ಕಿರುಚಿದಳು. ಆಮೇಲೆ ಸೌಟಿನಿಂದಲೇ ಒಂದು ಕುರ್ಚಿ ತೋರಿಸಿದಳು.

“ಪದ್ಮಾ, ಕೇಳಿಸ್ತೇನೇ? ಬೈದ್ಳು ಕಣೇ! ಬೇಗ ಇಳಿದು ಬಾ!” ಎಂದು ಕಿಟಕಿಯತ್ತ ಕೂಗಿದೆ. ಅಳಿಯ ಬೆನ್ನಿಗೆ ಗುದ್ದಿ ಜಾಗ ಬಿಟ್ಟ. ಬಿಸಿ ಬದನೆಕಾಯಿಯ ರುಚಿಯೇ ಬೇರೆ.

ಉಂಡ ಮೇಲೆ ಗೊತ್ತಾಯಿತು, ಸಿನ್ಯೋರೆಯ ತಟ್ಟೆಯನ್ನು ರೋಸಾ ತೊಳೆಯುತ್ತಾಳೆ, ಆದರೆ ಮಸ್ಕಲ್ಜೋನೆಗಳು ಎಲ್ಲರ ತಟ್ಟೆಯನ್ನೂ ತೊಳೆಯಬೇಕು. ನಾನು ಹಲ್ಲು ಕಿರಿಯುತ್ತಾ ಉಜ್ಜುತ್ತಿದ್ದುದನ್ನು ಪದ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

ಸೋಮವಾರ ಬೆಳಿಗ್ಗೆ ನಮ್ಮದೇ ಅಡುಗೆಮನೆಯಿಂದ, ಪಾತ್ರೆಗಳ ಸದ್ದಿನ ನಡುವೆ, ಅಪ್ಪಟ ಇಟಲಿಯ ಉಚ್ಚಾರದಲ್ಲಿ ಕೂಗು ಕೇಳಿಸಿತು: “ಮಸ್ಕಲ್ಜೋನೆ!”