ಚಳಿಬೆಟ್ಟಕ್ಕೆ ಯಾವ ಬಟ್ಟೆ?

ಕೆಲವರಿಗೆ ದೆವ್ವ ಕಾಣಿಸುತ್ತೆ. ನನ್ನ ಹಣೆಬರಹ ನೋಡಿ, ನಾನೇ ಬೇರೆಯವರಿಗೆ ದೆವ್ವವಾಗಿ ಕಾಣಿಸ್ತೀನಿ. ಒಂದು ಸಲ ಆಗಿದ್ದರೆ ಏನೋ ಗ್ರಹಚಾರ ಅಂತ ಸುಮ್ಮನಾಗಬಹುದಿತ್ತು. ಬಟ್ಟೆ ಬದಲಾಯಿಸಿದಾಗಲೆಲ್ಲ ಯಾರೋ ಒಬ್ಬರು ಕಿರುಚಿಕೊಂಡು ಓಡಿದರೆ ಏನಂತ ಹೇಳೋದು?

ಎರಡನೇ ಮಹಾಯುದ್ಧ ಶುರುವಾಗೋಕೆ ಮುಂಚಿನ ಮಾತು. ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತ. ಅಕ್ಕ ಭಾವ ಇದ್ದದ್ದು ಶಿವಮೊಗ್ಗದಲ್ಲಿ. ಅಕ್ಕನ ಪಕ್ಕದ ಮನೆಗೆ ಒಂದು ಸಲ ಒಬ್ಬಳು ಹುಡುಗಿ ಬಂದಿದ್ದಳು. ನಾನು ಗತ್ತಿನಿಂದ ಗೇಟು ದಾಟುವಾಗ ನನ್ನ ಪಂಚೆ ಮೊಳೆಗೆ ಸಿಕ್ಕಿ ಪರ್ರಂತ ಹರೀತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ತಡೆಯೋಕೆ ಆಗಲಿಲ್ಲ. ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಮದುವೆ ಅಂತ ಆದರೆ ಇವಳನ್ನೇ ಅನ್ನಿಸಿಬಿಟ್ಟಿತು.

ಅವಳ ಅಪ್ಪ ನಮ್ಮ ಕಾರ್ಖಾನೆಗೆ ಕಬ್ಬಿಣದ ಅದಿರು ಬರುವ ಬೆಟ್ಟದಲ್ಲಿ ಓವರ್ಸಿಯರು. ಭಾವ ಹೋಗಿ ಮಾತೆತ್ತಿದಾಗ ಅವರು ಹೇಳಿ ಕಳಿಸಿದ್ದು ಇಷ್ಟೇ: "ನನ್ನ ಮಗಳು ಈ ಚಳಿಯಲ್ಲೇ ಬೆಳೆದೋಳು. ಹಬ್ಬ ಹುಣ್ಣಿಮೆಗೆ ಅಳಿಯ ಇಲ್ಲಿಗೇ ಹತ್ತಿ ಬರಬೇಕು. ಮೊದಲು ಒಂದು ಸಲ ನಡ್ಕೊಂಡು ಬರಲಿ ನೋಡೋಣ. ಆಮೇಲೆ ಮಾತು."

"ಅದೇನು ಮಹಾ?" ಅಂದೆ ನಾನು.

"ನಿನ್ನ ಮೂಗು ಹೇಗಿದ್ರೂ ನಿನಗಿಂತ ಮುಂಚೆ ಹೋಗಿ ತಲುಪುತ್ತೆ ಬಿಡು," ಅಂದಳು ಅಕ್ಕ. ನನ್ನ ಮೂಗು ಸ್ವಲ್ಪ ಉದ್ದ. ಅವಳು ಹೇಳುವಷ್ಟೇನಿಲ್ಲ.

ಬಿಳಿ ಪಂಚೆ

ಶಿವರಾತ್ರಿ ಕಳೆದಿತ್ತು. ಭದ್ರಾವತಿಯಲ್ಲಿ ಆಗಲೇ ಬೆವರು. ಹೆಣ್ಣಿನ ಕಡೆಯವರ ಮುಂದೆ ಲಕ್ಷಣವಾಗಿ ಕಾಣಬೇಕಲ್ಲ ಅಂತ ಬಿಳಿ ಮಲ್ ಪಂಚೆ, ಬಿಳಿ ಅಂಗಿ, ಬಿಳಿ ಉತ್ತರೀಯ ಹಾಕಿಕೊಂಡು ಅದಿರಿನ ಟ್ರಾಮು ಹತ್ತಿ ಬೆಟ್ಟದ ಬುಡಕ್ಕೆ ಹೋದೆ. ಅಲ್ಲಿಂದ ಕಾಲ್ದಾರಿ.

ಅರ್ಧ ಹತ್ತೋ ಹೊತ್ತಿಗೆ ಮಂಜು ಇಳೀತು. ಇಳೀತು ಅಂದರೆ ಏನು, ನನ್ನ ಕಾಲು ನನಗೆ ಕಾಣದ ಹಾಗೆ ಆಯಿತು. ತಲೆ ಮೇಲೆ ಎಲ್ಲೋ ಅದಿರಿನ ತೊಟ್ಟಿಗಳು ಹಗ್ಗದ ಮೇಲೆ ಹೋಗುವ ಸದ್ದು, ಕೀಂಯ್... ಕೀಂಯ್... ತೊಟ್ಟಿ ಕಾಣೋದಿಲ್ಲ, ಸದ್ದು ಮಾತ್ರ. ಆ ಮಲ್ ಬಟ್ಟೆ ಮೈಮೇಲೆ ಇದೆಯೋ ಇಲ್ಲವೋ ಅನ್ನೋ ಹಾಗಿತ್ತು. ಉತ್ತರೀಯವನ್ನು ತಲೆ ಮೇಲಿಂದ ಸುತ್ತಿಕೊಂಡೆ. ದವಡೆ ಗಡಗಡ ಅಂತ ಹೊಡ್ಕೊಳ್ತಿತ್ತು.

ಎದುರಿಗೆ ಸೌದೆ ಹೊತ್ತ ಹೆಂಗಸರು ಇಳಿದು ಬಂದರು. ದಾರಿ ಇದೇ ತಾನೇ ಅಂತ ಕೇಳೋಣ ಅಂತ ಎರಡೂ ಕೈ ಚಾಚಿದೆ. ಬಾಯಿ ಸೆಟೆದುಹೋಗಿತ್ತಲ್ಲ, "ಊ... ಊ... ಊ..." ಅಂತ ಮಾತ್ರ ಬಂತು. ಸೌದೆ ಹೊರೆ ಒಂದು ಕಡೆ, ಹೆಂಗಸರು ಒಂದು ಕಡೆ. ಅವರು ಕಿರುಚಿದ ಕಿರುಚಿಗೆ ಮೇಲೆ ಗಣಿ ಕ್ಯಾಂಪಿನ ಗೇಟನ್ನೇ ಹಾಕಿಬಿಟ್ಟರು. ನಾನು ಹೋಗಿ ಬಡಿದಷ್ಟೂ ಒಳಗಿನಿಂದ ಮಂತ್ರ ಹೇಳೋ ಸದ್ದು ಜೋರಾಯಿತು. ಚಳಿಗೆ ಸತ್ತೇ ಹೋಗ್ತೀನಿ ಅಂತ ಇಳಿದು ಬಂದೆ.

ಮುಂದಿನ ವಾರ ಮತ್ತೆ ಹತ್ತುವಾಗ ಅದೇ ಜಾಗದಲ್ಲಿ ದಾರಿಗೆ ಅಡ್ಡ ಒಡೆದ ಬೂದುಗುಂಬಳ, ಕುಂಕುಮದ ಅನ್ನ, ಕೊಯ್ದ ನಿಂಬೆಹಣ್ಣು. ಇಲ್ಲಿ ಏನೋ ಇದೆ ಅಂತ ಗೊತ್ತಾಗಿ, ದಾರಿ ಬಿಟ್ಟು ಮುಳ್ಳುಪೊದೆಯಲ್ಲಿ ನುಗ್ಗಿ, ಮೈಯೆಲ್ಲ ಪರಚಿಕೊಂಡು ಬಳಸಿ ಹೋದೆ. ಅದನ್ನೆಲ್ಲ ಇಟ್ಟಿದ್ದು ನನಗೇ ಅಂತ ಆಮೇಲೆ ಗೊತ್ತಾಯಿತು.

ಕರಿ ಕಂಬಳಿ

ಆ ಎರಡನೇ ಸಲ ಬಿಳಿ ಬಟ್ಟೆ ಇರಲಿಲ್ಲ. ನನ್ನ ರೂಮಿನಲ್ಲಿದ್ದ ತಮಿಳು ಫಿಟ್ಟರು, "ಬಿಳಿ ವೇಂಡಾಂ ಸಾರ್, ಕಂಬಳಿ ಹಾಕು," ಅಂತ ತನ್ನ ಕರಿ ಕುರಿಕಂಬಳಿ ಕೊಟ್ಟಿದ್ದ. ಅದನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನ ತನಕ ಇಳಿಬಿಟ್ಟಿದ್ದೆ. ಬೆಚ್ಚಗಿತ್ತು. ಹೊರಡುವಾಗ ಅವನು ಇನ್ನೊಂದು ಮಾತೂ ಹೇಳಿದ್ದ: "ಕರಡಿ ಸಿಕ್ಕಿದ್ರೆ ಓಡಬೇಡ ಸಾರ್. ಅಲ್ಲಾಡದೆ ನಿಂತ್ಕೋ."

ಮುಳ್ಳುಪೊದೆಯಿಂದ ಹೊರಗೆ ಬಂದು ತಿರುವಿನಲ್ಲಿ ತಲೆ ಎತ್ತುತ್ತೀನಿ, ಮಂಜಿನಲ್ಲಿ ಕರ್ರಗೆ, ಗುಡ್ಡೆಯ ಹಾಗೆ, ಅದು ನಿಂತಿದೆ! ಅದರ ಬಾಯಿಂದ ಹೊಗೆ ಹೊಗೆಯಾಗಿ ಉಸಿರು ಬರ್ತಿದೆ.

ನಾನು ನಿಂತೆ. ಅದೂ ನಿಂತೇ ಇತ್ತು. ನನ್ನ ಕಾಲು ಮರಗಟ್ಟಿತು. ಅದಕ್ಕೆ ಬೇರೆ ಕೆಲಸವೇ ಇಲ್ಲವೇನೋ, ಕದಲಲೇ ಇಲ್ಲ. ಮೇಲೆ ಕೀಂಯ್ ಅನ್ನೋ ಸದ್ದು. ಮನೆದೇವರನ್ನು ನೆನೆಸ್ಕೊಂಡೆ. ಆ ಹುಡುಗಿಯ ನಗುವನ್ನೂ ನೆನೆಸ್ಕೊಂಡೆ, ಯಾಕೆ ಸುಳ್ಳು ಹೇಳಲಿ. ಅಷ್ಟರಲ್ಲಿ ಈ ನನ್ನ ಮೂಗು ಕೈಕೊಟ್ಟಿತು. ತಡೆದೆ, ತಡೆದೆ, ಕೊನೆಗೆ "ಆಕ್ಷೀ!" ಅಂತ ಬೆಟ್ಟ ಬಿರಿಯುವ ಹಾಗೆ ಸೀನಿದೆ.

"ಶಿವ ಶಿವಾ!" ಅಂತು ಕರಡಿ.

ಕರಡಿ ಮೆಲ್ಲಗೆ ಕಂಬಳಿ ಸರಿಸಿತು. ಒಳಗೆ ಹಣೆ ತುಂಬ ವಿಭೂತಿ, ದಪ್ಪ ಮೀಸೆ. "ಯಾರೋ ನೀನು? ಕರಡಿ ಅಂತ ತಿಳ್ಕೊಂಡು ಜೀವ ಹಿಡ್ಕೊಂಡು ನಿಂತಿದ್ದೀನಲ್ಲೋ!"

ಯಾರು ಅಂತ ಹೇಳಿದೆ. ಅವರೂ ಯಾರು ಅಂತ ಹೇಳಿದರು. ಓವರ್ಸಿಯರು! ಬಿಳಿ ಬಟ್ಟೆಯ ಸಂಗತಿಯನ್ನೂ ಕೇಳಿ ತಿಳ್ಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾನು ದೆವ್ವ ಗಿವ್ವ ನಂಬೋನಲ್ಲ. ನಮ್ಮಲ್ಲಿ ಸತ್ತವರು ಶಿವನ ಪಾದ ಸೇರ್ತಾರೆ, ದಾರಿ ಬದಿ ಬಂದು ನಿಲ್ಲಲ್ಲ. ನನ್ನ ತಮ್ಮನೇ ದೀಪಾವಳಿ ಹೊತ್ತಿಗೆ ಚಳಿಜ್ವರದಲ್ಲಿ ಹೋದ. ಒಂದು ದಿನಕ್ಕಾದರೂ ಬಂದನಾ? ಇಲ್ಲ. ಅದಿರಲಿ. ಮೊದಲ್ನೇ ಸಲ ದೆವ್ವ ಆಗಿ ಬಂದೆ, ಈ ಸಲ ಕರಡಿ ಆಗಿ ಬಂದಿದ್ದೀಯ. ಇನ್ನೊಂದೇ ಸಲ ನೋಡ್ತೀನಿ. ಯುಗಾದಿ ಒಳಗೆ ಮನುಷ್ಯನ ಹಾಗೆ ಬಾ. ಇಲ್ಲದಿದ್ರೆ ಮಗಳಿಗೆ ಬೇರೆ ಗಂಡು ನೋಡ್ತೀನಿ."

ಮನೆಗೆ ಕರೀಲಿಲ್ಲ. ಬಾಗಿಲಲ್ಲಿ ಕರಡಿ ನಿಂತರೆ ವಯಸ್ಸಾದ ನಮ್ಮಮ್ಮ ಹೆದರ್ತಾಳೆ ಅಂದರು.

ಮಡಿವಾಳನ ಗಂಟು

ಮನುಷ್ಯನ ಹಾಗೆ ಕಾಣಬೇಕು, ಚಳಿಯೂ ತಡೀಬೇಕು ಅಂದರೆ ಉಣ್ಣೆ ಕೋಟೇ ಗತಿ. ಶಿವಮೊಗ್ಗದ ಬಜಾರಿನಲ್ಲಿ ದರ್ಜಿ ಸಾಹೇಬರನ್ನು ಕೇಳಿದೆ. "ಅರ್ಜೆಂಟ್ ಆದ್ರೆ ರಂಜಾನ್ ಮುಗಿದ ಮೇಲೆ ಕೊಡ್ತೀನಿ," ಅಂದರು. ಅರ್ಜೆಂಟ್ ಇಲ್ಲದಿದ್ರೆ ಯಾವಾಗ ಅಂತ ಕೇಳೋ ಧೈರ್ಯ ಆಗಲಿಲ್ಲ.

ಅಕ್ಕ ಮಡಿವಾಳನ ಹತ್ತಿರ ಕಳಿಸಿದಳು. ಆಗೆಲ್ಲ ಮದುವೆ ಮುಂಜಿಗೆ ಒಳ್ಳೆ ಬಟ್ಟೆ ಬೇಕಾದರೆ ಮಡಿವಾಳನೇ ದಿಕ್ಕು. ಒಬ್ಬರ ಮನೆಯಿಂದ ಒಗೆಯೋಕೆ ಬಂದದ್ದು ಇನ್ನೊಬ್ಬರ ಮೈಮೇಲೆ ಹೋಗಿ ಬರ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡ್ತಿರಲಿಲ್ಲ, ಯಾಕೆಂದರೆ ಎಲ್ಲರೂ ಹಾಕ್ಕೊಂಡವರೇ.

ಅವನು ಗಂಟು ಬಿಚ್ಚಿದ. "ಇದು ವಕೀಲರದ್ದು, ನಾಳೆ ಕೋರ್ಟಿಗೆ ಬೇಕು. ಇದು ಮಂಡಿ ಸಾಹುಕಾರರದ್ದು, ನಿಮ್ಮಂಥೋರು ಇಬ್ಬರು ಹಿಡೀತೀರಿ." ಕೊನೆಗೆ ಗಂಟಿನ ತಳದಿಂದ ಒಂದು ಕಂದು ಬಣ್ಣದ ಉಣ್ಣೆ ಕೋಟು ತೆಗೆದ. ಬಲಗಡೆ ಮೊಣಕೈಗೆ ಕರಿ ಬಟ್ಟೆಯ ತೇಪೆ. ಹಾಕಿಕೊಂಡೆ. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಎಡ ಭುಜ ಮಾತ್ರ ಒಂದಿಷ್ಟು ತಗ್ಗು. ಹಾಕಿಕೊಂಡ ಕೂಡಲೇ ನನ್ನ ಭುಜವೂ ತಾನಾಗಿ ತಗ್ಗಿತು. ಒಗೆದ ಬಟ್ಟೆ, ಆದರೂ ಲವಂಗದ ವಾಸನೆ. ಒಳಗೆ ಇನ್ಯಾರೋ ಮೊದಲೇ ಇದ್ದಾರೆ, ನಾನು ಒತ್ತರಿಸಿಕೊಂಡು ನುಗ್ಗಿದ್ದೀನಿ ಅನ್ನಿಸಿತು.

"ಯಾವಾಗ ವಾಪಸ್ ಕೊಡಲಿ?" ಅಂದೆ.

"ನಿಧಾನಕ್ಕೆ ಕೊಡಿ ಸ್ವಾಮಿ. ಅವರು ಕೇಳೋದಿಲ್ಲ."

"ಅಷ್ಟು ಒಳ್ಳೆಯವರಾ?"

"ಈಗ ತುಂಬಾ ಒಳ್ಳೆಯವರು," ಅಂದ ಮಡಿವಾಳ.

ಬೆಲ್ಲದ ಕಾಫಿ

ಮಾರನೇ ಬೆಳಿಗ್ಗೆ ಭದ್ರಾವತಿಯಲ್ಲಿ ಟ್ರಾಮಿಗೆ ಕಾಯುತ್ತಾ, ಹಿಂದೆಂದೂ ಹೋಗದ ಒಂದು ಕಾಫಿ ಹೋಟ್ಲಿಗೆ ನುಗ್ಗಿ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಕೇಳುವ ಮುಂಚೆಯೇ ಹೋಟ್ಲಿನವನು ಹಿಂದಿನಿಂದ ಬಂದು, ತನಗೊಂದು ಸೇರಿಸಿ ಎರಡು ಲೋಟ ಬೆಲ್ಲದ ಕಾಫಿ ಇಟ್ಟ. "ಎಷ್ಟು ದಿನ ಆಯ್ತು ಮಾರಾಯ್ರೇ, ಎಲ್ಲಿ ಹೋಗಿದ್ರಿ?" ಅಂತ ನಗುತ್ತಾ ಮುಂದೆ ಬಂದವನು ನನ್ನ ಮುಖ ನೋಡಿ, ಏನೋ ತಟ್ಟನೆ ನೆನಪಾದವನ ಹಾಗೆ ಬೆಳ್ಳಗಾದ.

"ನಾನು ಹೇಳಲೇ ಇಲ್ಲವಲ್ಲ," ಅಂದೆ.

"ಅದು ನಿಮಗಲ್ಲ."

"ಮತ್ತೆ ಯಾರಿಗೆ?"

ಅವನು ಕೋಟಿನ ತೇಪೆ ನೋಡಿದ. "ಕುಡೀರಿ ಸ್ವಾಮಿ. ಏನೂ ಕೇಳಬೇಡಿ." ನಾನು ಒಂದು ಲೋಟ ಕುಡಿದೆ. ಇನ್ನೊಂದನ್ನು ಅವನು ತಾನೇ ಗಟಗಟ ಕುಡಿದ. ನಾನು ಮೆಟ್ಟಿಲು ಇಳೀತಿದ್ದ ಹಾಗೆ ಎರಡೂ ಲೋಟ ನನ್ನ ತಲೆ ಮೇಲಿಂದ ಹಾರಿ ಚರಂಡಿಗೆ ಬಿದ್ದವು.

ಕೋಟು ಮನೆಗೆ ಬಂದದ್ದು

ಈಗ ನಿಮಗೆಲ್ಲ ಗೊತ್ತಾಗಿರಬೇಕು. ನನಗೆ ಮಾತ್ರ ಗೊತ್ತಾಗಿರಲಿಲ್ಲ. ಮದುವೆ ಯೋಚನೆಯಲ್ಲಿರೋ ಗಂಡಿಗೆ ತಲೆ ಎಲ್ಲಿ ಓಡುತ್ತೆ?

ಬೆಟ್ಟ ಹತ್ತಿದೆ. ಮಂಜು ಎಂದಿಗಿಂತ ದಟ್ಟ. ಆದರೆ ಕೋಟಿನೊಳಗೆ ಬೆಚ್ಚಗೆ, ಸುಖವಾಗಿ ನಡೆದೆ. ತಿರುವುಗಳು ಹೇಗೋ ಮೊದಲೇ ಗೊತ್ತಿದ್ದ ಹಾಗೆ ಕಾಲು ತಾನಾಗಿ ಹೋಗ್ತಿತ್ತು. ಕ್ಯಾಂಪಿನ ಹತ್ತಿರ ಒಂದು ಕಂದು ನಾಯಿ ಬೊಗಳುತ್ತಾ ನುಗ್ಗಿ ಬಂತು. ಹತ್ತಿರ ಬಂದು ಕೋಟು ಮೂಸಿತು. ಮೂಸಿದ್ದೇ ತಡ, ಕುಂಯ್ ಕುಂಯ್ ಅಂತ ಅಳೋಕೆ ಶುರು! ನೆಲಕ್ಕೆ ಹೊರಳಿತು, ಎದೆ ಮೇಲೆ ಹಾರಿತು, ಆಮೇಲೆ ತಿರುತಿರುಗಿ ನೋಡುತ್ತಾ ಮುಂದೆ ಮುಂದೆ ಓಡಿ, ಒಂದು ಮನೆಯ ಮುಂದೆ ನನ್ನನ್ನು ತಂದು ನಿಲ್ಲಿಸಿತು.

ಜಗಲಿ ಮೇಲೆ ಓವರ್ಸಿಯರು ಕನ್ನಡಿ ಇಟ್ಕೊಂಡು ಮುಖ ಕ್ಷೌರ ಮಾಡ್ಕೊಳ್ತಿದ್ದರು. ಮಂಜಿನೊಳಗಿಂದ ಕಂದು ಕೋಟು, ತಗ್ಗಿದ ಎಡ ಭುಜ, ಕಾಲಿಗೆ ಸುತ್ತುವ ನಾಯಿ. ಅವರು ಕಂಡದ್ದು ಅಷ್ಟೇ. ಕನ್ನಡಿ ಬಿತ್ತು. ಅರ್ಧ ಗಡ್ಡ ಸೋಪಿನ ನೊರೆಯಲ್ಲೇ ಒಳಗೆ ಓಡಿ ದಡಾರಂತ ಬಾಗಿಲು ಹಾಕಿಕೊಂಡರು.

ಒಳಗಿನಿಂದ ನಡುಗುವ ದನಿ: "ಏನೋ ಬೇಕು ನಿನಗೆ? ಎಲ್ಲಾ ಕ್ರಮವಾಗಿ ಮಾಡಿದ್ದೀವಲ್ಲೋ!"

ಇದೂ ಪರೀಕ್ಷೆಯೇ ಇರಬೇಕು ಅಂತ ನಾನು ವಿನಯದಿಂದ, "ಹುಡುಗಿ ವಿಷಯಕ್ಕೆ ಬಂದಿದ್ದೀನಿ," ಅಂದೆ.

"ಅಯ್ಯಯ್ಯೋ! ಅವಳು ಇನ್ನೂ ಚಿಕ್ಕವಳೋ! ಬೇಕಾದ್ರೆ ನನ್ನನ್ನ ಕರ್ಕೊಂಡು ಹೋಗೋ!"

ನನಗೆ ತಲೆಬುಡ ತಿಳೀಲಿಲ್ಲ. ಅಷ್ಟರಲ್ಲಿ ಮನೆ ಪಕ್ಕದಿಂದ ಕೋಲು ಊರಿಕೊಂಡು ಒಬ್ಬಳು ಮುದುಕಿ ಬಂದಳು. ಓವರ್ಸಿಯರ ತಾಯಿ. ಕಣ್ಣು ಮಂಜು ಮಂಜು ಅಂತ ಕಂಡಕೂಡಲೇ ಗೊತ್ತಾಗ್ತಿತ್ತು. ಹೆದರಿಕೆ ಅನ್ನೋದು ಆ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ನೆಟ್ಟಗೆ ಬಂದು ನನ್ನ ಬಲಗೈ ಹಿಡಿದು, ಮೊಣಕೈ ತೇಪೆಯ ಹೊಲಿಗೆಯನ್ನು ಬೆರಳಲ್ಲಿ ಸವರಿದಳು. ಅವಳೇ ಹಾಕಿದ ಹೊಲಿಗೆ ಅದು.

"ಬಂದ್ಯಾ ಮಗಾ?" ಅಂದಳು.

ಆಗ ನನಗೆ ಎಲ್ಲಾ ಅರ್ಥವಾಯಿತು. ಓಡಿಹೋಗೋಣ ಅನ್ನಿಸಿತು. ಇಲ್ಲಮ್ಮ, ನಾನವನಲ್ಲ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಅವಳ ಕೈ ಭುಜಕ್ಕೆ ಬಂತು, ಕೆನ್ನೆಗೆ ಬಂತು, ಆಮೇಲೆ ಮೂಗಿಗೆ ಬಂತು. ಅಲ್ಲೇ ನಿಂತಿತು. ತುದಿಯ ತನಕ ಹೋಗಿ ಮತ್ತೆ ವಾಪಸ್ ಬಂತು.

"ಇವನು ನಮ್ಮೋನಲ್ಲ," ಅಂದಳು ಮೆಲ್ಲಗೆ. "ನಮ್ಮೋನಿಗೆ ಇಷ್ಟು ಮೂಗು ಎಲ್ಲಿತ್ತು?"

ಒಳಗೆ ಕಿಟಕಿ ಹತ್ತಿರ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಕೇಳಿಸಿತು. ಯಾವ ನಗು ಅಂತ ನನಗೆ ಗೊತ್ತಿತ್ತು. ಆದರೆ ಆ ಹೊತ್ತು ನನಗೆ ನನ್ನ ಮೂಗಿನ ಮೇಲೇ ಸಿಟ್ಟು ಬಂತು.

ಬಾಗಿಲು ತೆಗೀತು. ಮಡಿವಾಳನ ಸಂಗತಿ ಹೊರಗೆ ಬಂತು. ಸತ್ತವನ ಹೆಸರಿನ ಶಿವಗಣಾರಾಧನೆ ಮುಗಿದ ಮೇಲೆ ತಮ್ಮನ ಬಟ್ಟೆಯನ್ನೆಲ್ಲ ಶಿವಮೊಗ್ಗದ ಮಡಿವಾಳನಿಗೆ ಕೊಟ್ಟಿದ್ದರಂತೆ. ಓವರ್ಸಿಯರು ಅರ್ಧ ಗಡ್ಡದಲ್ಲೇ ಕೆಂಡವಾದರು. "ಸತ್ತವನ ಕೋಟು ಹಾಕ್ಕೊಂಡು ಹೆಣ್ಣು ಕೇಳೋಕೆ ಬಂದಿದ್ದೀಯಾ? ಹೊರಟು ಹೋಗು! ನಿನಗೂ ನಮಗೂ ಋಣ ಇಲ್ಲ!"

ನಾನು ಕೋಟು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟೆ. ಚಳಿಗೆ ಹಲ್ಲು ಗಡಗಡ. ಮುಗೀತು, ಹುಡುಗಿ ಕೈ ತಪ್ಪಿದಳು ಅಂತ ತಿರುಗಿ ಹೊರಟೆ. ನಾಯಿಯೂ ನನ್ನ ಹಿಂದೆ ಹೊರಟಿತು.

"ನಿಲ್ಲೋ," ಅಂದಳು ಅಜ್ಜಿ. ಆಮೇಲೆ ಮಗನ ಕಡೆ ತಿರುಗಿದಳು. "ಮನುಷ್ಯನ ಹಾಗೆ ಬಾ ಅಂದಿದ್ದೋನು ನೀನೇ ತಾನೇ? ಬಂದಿದ್ದಾನೆ. ಅದೂ ನಿನ್ನ ತಮ್ಮನ ಹಾಗೇ ಬಂದಿದ್ದಾನೆ. ಇನ್ನು ಯಾರ ಹಾಗೆ ಬರಬೇಕಿತ್ತು? ದೆವ್ವ ನಂಬಲ್ಲ ಅನ್ನೋನು ನೀನು, ಹೋಗಿ ಮೊದಲು ಇನ್ನೊಂದು ಕೆನ್ನೆ ಕೆರ್ಕೋ." ಅಷ್ಟು ಹೇಳಿ, ತಾನೇ ಆ ಕೋಟನ್ನು ಮತ್ತೆ ನನಗೆ ತೊಡಿಸಿ, ಗುಂಡಿ ಹಾಕಿದಳು.

ವೈಶಾಖದಲ್ಲಿ ಮದುವೆ ಆಯಿತು. ಅಜ್ಜಿಯ ಹಟಕ್ಕೆ ಅದೇ ಕೋಟು ಹಾಕಿಕೊಂಡು ಹಸೆಮಣೆ ಮೇಲೆ ಬೆವರಿದೆ. ಮಾವ ಕಣ್ಣು ಮುಚ್ಚಿಕೊಂಡೇ ಧಾರೆ ಎರೆದರು.

ಅಜ್ಜಿ ಇರುವ ತನಕ ಶಿವರಾತ್ರಿ ಕಳೆದ ಮೇಲೆ ನಾವಿಬ್ಬರೂ ಬೆಟ್ಟಕ್ಕೆ ಹೋಗ್ತಿದ್ವಿ. ಮಂಜು ದಟ್ಟವಾಗಿ ಇಳಿದ ಬೆಳಿಗ್ಗೆ ನೋಡಿ ಅವಳು ಪೆಟ್ಟಿಗೆಯಿಂದ ಕೋಟು ತೆಗೀತಿದ್ದಳು. "ಆ ತಿರುವಿನ ತನಕ ಹೋಗಿ ಒಂದು ಸಲ ನಡ್ಕೊಂಡು ಬಾರಪ್ಪ," ಅಂತಿದ್ದಳು. ಹೋಗ್ತಿದ್ದೆ. ಎಡ ಭುಜ ತಗ್ಗಿಸಿಕೊಂಡು, ನಾಯಿ ಜೊತೆಗೆ ಮಂಜಿನೊಳಗಿಂದ ಮೆಲ್ಲಗೆ ನಡೆದು ಬರ್ತಿದ್ದೆ. ಅಜ್ಜಿ ಜಗಲಿಯಲ್ಲಿ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡ್ತಾ ನೋಡ್ತಾ, ನಾನು ಇನ್ನೇನು ಹತ್ತಿರ ಬಂದೆ ಅನ್ನುವಾಗ ಕೈಯಲ್ಲಿದ್ದ ಮಫ್ಲರನ್ನು ನನ್ನ ಕಡೆ ಎಸೆದು ಕೂಗ್ತಿದ್ದಳು:

"ಮೂಗು ಮುಚ್ಕೊಳ್ಳೋ ಮಾರಾಯ! ಮೂಗು ಮುಚ್ಕೊಂಡು ಇನ್ನೊಂದು ಸಲ ಬಾ!"