ಬಡಗಿ ಕಟ್ಟಿದ ಕಂಪ್ಯೂಟರ್

ಟಕ್.

ಅಷ್ಟೇ ಸದ್ದು. ಅದರ ಹಿಂದೆಯೇ ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ಪರದೆ ಕಪ್ಪಾಯಿತು. ಅರ್ಧ ಮೈಗೆ ಮಚ್ಚೆ ಹಚ್ಚಿಸಿಕೊಂಡು ನಿಂತಿದ್ದ ಜಿರಾಫೆ ಕತ್ತು, ಕಾಲು, ಬಾಲ ಸಮೇತ ಮಾಯವಾಯಿತು.

ಬಡಗಿಯ ಹೆಂಡತಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪೆನ್ನು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ಅವಳ ಬೆನ್ನಹಿಂದೆ ನಿಂತು "ಕಣ್ಣು ಇನ್ನೊಂಚೂರು ದೊಡ್ಡದಾಗ್ಬೇಕಿತ್ತೇನೋ" ಎಂದು ಸಲಹೆ ಕೊಡುತ್ತಿದ್ದ ಬಡಗಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಮತ್ತೆ ಹೋಯ್ತು," ಎಂದಳು ಅವಳು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

"ಹೋದದ್ದು ಬರುತ್ತೆ ಬಿಡು. ನೀನು ಕೂತಿರೋ ಕುರ್ಚಿ ಕಟ್ಟಿದವನು ನಾನು, ಮಲಗೋ ಮಂಚ ಕಟ್ಟಿದವನು ನಾನು, ಈ ಕಂಪ್ಯೂಟರ್ ಕಟ್ಟಿದವನೂ ನಾನೇ. ಕಟ್ಟಿದವನಿಗೆ ಕಾಯಿಲೆ ಗೊತ್ತಾಗಲ್ವಾ?"

"ಮಂಚ ಯಾವತ್ತೂ ಹೀಗೆ ಆರಿಹೋಗಿಲ್ಲ ಕಣ್ರೀ. ನನ್ನ ತಮ್ಮನ್ನ ಕರೀಲಾ?"

ಆ ತಮ್ಮನಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. "ಭಾವ, ಎಲ್ಲಾ ಜೋಡಿಸಿ ಕಬ್ಬಿಣದ ಡಬ್ಬಿಯಲ್ಲಿ ಕೊಡ್ತೀನಿ, ತಗೊಂಡು ಹೋಗಿ" ಎಂದು ಅವನು ಮೊದಲೇ ಹೇಳಿದ್ದ. ಬಡಗಿಗೆ ಅದು ಅವಮಾನ. ಒಳಗಿನ ಭಾಗಗಳನ್ನು ಮಾತ್ರ ಕೊಂಡು, ಹೊರಗಿನ ಪೆಟ್ಟಿಗೆಯನ್ನು ತಾನೇ ತೇಗದಲ್ಲಿ ಮಾಡಿ, ಮೇಜಿನ ಮೇಲೆ ಪರದೆಯ ಪಕ್ಕ ಇಟ್ಟಿದ್ದ. ಎದುರಿನ ಹಲಗೆಯಲ್ಲಿ ಒಂದು ಹೂವು ಅರಳಿಸಿ, ಅದರ ನಡುವಿನ ಮೊಗ್ಗನ್ನೇ ಸ್ವಿಚ್ಚು ಮಾಡಿದ್ದ. ಬೆರಳು ತಾಕಿದರೆ ಸಾಕು, ಬೆಣ್ಣೆಯ ಹಾಗೆ ಒಳಗೆ ಜಾರುತ್ತಿತ್ತು. ನೋಡಿದವರೆಲ್ಲ ಇದರಲ್ಲಿ ಒಡವೆ ಇಡುತ್ತೀರಾ ಎಂದು ಕೇಳುತ್ತಿದ್ದರು.

"ಅವನನ್ನ ಕರೆದರೆ ಈ ಮನೇಲಿ ನಾನಿರಲ್ಲ," ಎಂದ ಬಡಗಿ.

"ಶುಕ್ರವಾರ ಸಂಜೆಯೊಳಗೆ ಚಿತ್ರ ಕಳಿಸದಿದ್ದರೆ ಆ ಪುಸ್ತಕದಲ್ಲಿ ನಾನೂ ಇರಲ್ಲ," ಎಂದಳು ಅವಳು.

ಮಾತು ಸುಳ್ಳಲ್ಲ. ಇಷ್ಟು ವರ್ಷ ಅವರಿವರ ಪುಸ್ತಕದ ಮೂಲೆಗೆ ಎಲೆ, ಬಳ್ಳಿ ಬರೆದುಕೊಟ್ಟವಳಿಗೆ ಮೊದಲ ಸಲ ಮಕ್ಕಳ ಪುಸ್ತಕವೊಂದು ಇಡಿಯಾಗಿ ಸಿಕ್ಕಿತ್ತು. ಪ್ರಕಾಶಕಿ ಮೆದುವಾಗಿಯೇ ಹೇಳಿದ್ದಳು: "ತಡವಾದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಬಡಗಿ ಯುದ್ಧಕ್ಕೆ ಇಳಿದ. ಮೊದಲು ವೈರು ಬದಲಾಯಿಸಿದ. ಕಂಪ್ಯೂಟರ್ ಆರಿತು. ಗೋಡೆಯ ಪ್ಲಗ್ಗು ಬಿಚ್ಚಿದ. ಪ್ಲಗ್ಗಿನ ಜೊತೆ ಅಂಗೈಯಗಲ ಗಾರೆಯೂ ಕೈಗೆ ಬಂತು. ಕಂಪ್ಯೂಟರ್ ಆರಿತು. ಹೊಸ ಪವರ್ ಸಪ್ಲೈ ತಂದು ಕೂರಿಸಿದ. ಅದಕ್ಕೂ ಹಳೆಯದರ ಚಾಳಿಯೇ ಅಂಟಿತು. ಮೆಮೊರಿ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ತಿಕ್ಕಿ ಹೊಳೆಯಿಸಿದ. ಅದು ಹೊಳೆಯುತ್ತಲೇ ಆರಿತು.

ಆಮೇಲೆ ಅವನ ಅನುಮಾನ ಅಡುಗೆಮನೆಯ ಕಡೆ ತಿರುಗಿತು.

"ಅಮ್ಮಾ, ಮಿಕ್ಸಿ ಹಾಕ್ಬೇಡ. ಅದು ಕರೆಂಟ್ ಎಳೆಯುತ್ತೆ."

"ಸರಿ, ರುಬ್ಬಲ್ಲ."

"ಫ್ರಿಜ್ಜೂ ಆಫ್ ಮಾಡು."

"ಸರಿ, ಹಾಲು ಒಡೆಯುತ್ತೆ."

"ಇಸ್ತ್ರಿ ಪೆಟ್ಟಿಗೆ, ಗೀಸರ್, ಹಾಲ್‌ನ ದೀಪ..."

"ನಾನು ಉಸಿರಾಡಬಹುದೇನೋ, ಅದಕ್ಕೂ ಕರೆಂಟ್ ಹೋಗುತ್ತಾ?" ಎಂದಳು ತಾಯಿ.

ಮನೆಯಲ್ಲಿ ತಣ್ಣೀರ ಸ್ನಾನ, ಸುಕ್ಕು ಬಟ್ಟೆ, ಒಡೆದ ಹಾಲು. ಇಷ್ಟೆಲ್ಲ ತ್ಯಾಗದ ನಡುವೆಯೂ, ಸಂಜೆ ಬಡಗಿ ಕೆಲಸದಿಂದ ಬಂದು "ಹೇಗಿದೆ ಈಗ?" ಎಂದು ಹೆಂಡತಿಯ ಭುಜದ ಮೇಲಿಂದ ಬಗ್ಗುತ್ತಿದ್ದಂತೆ, ಟಕ್.

"ಹಗಲೆಲ್ಲ ಚೆನ್ನಾಗೇ ಓಡಿತ್ತಲ್ರೀ. ನೀವು ಬಂದ್ರೇನೇ ಹೀಗೆ."

"ಅದಕ್ಕೂ ಬುದ್ಧಿ ಇದೆ. ಡಾಕ್ಟರ್ ಬಂದಾಗ ತಾನೆ ಕಾಯಿಲೆ ತೋರಿಸೋದು?"

ಪೆಟ್ಟಿಗೆಯ ಎದುರು ಹಲಗೆ ಬಿಚ್ಚಿಟ್ಟು, ಒಳಗೆ ಸ್ವಿಚ್ಚಿನ ವೈರು ಸೇರುವ ಎರಡು ಲೋಹದ ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತುದಿ ತಾಕಿಸಿ ಚಾಲೂ ಮಾಡಿ ನೋಡಿದ. ಅವನು ಪಕ್ಕದಲ್ಲೇ ಕೂತಿದ್ದರೂ ಯಂತ್ರ ಗಂಟೆಗಟ್ಟಲೆ ಓಡಿತು. ಹಲಗೆ ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿಗೇ ಆರಿತು. ಬಡಗಿ ತೊಡೆ ತಟ್ಟಿಕೊಂಡ. "ಸಿಕ್ತು! ಸೆಖೆ. ಪಾಪ, ಒಳಗೆ ಬೇಯ್ತಿದೆ."

ಸಿಕ್ಕಿದ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಗಾಳಿಯಾಡಬೇಕೆಂದರೆ ತೇಗಕ್ಕೆ ತೂತು ಕೊರೆಯಬೇಕು. ಹೆತ್ತ ಮಗುವಿಗೆ ಸೂಜಿ ಚುಚ್ಚಿಸುವವನ ಮುಖ ಮಾಡಿಕೊಂಡು ಡ್ರಿಲ್ ಹಿಡಿದ. ಎರಡೂ ಪಕ್ಕದ ಹಲಗೆಗಳು ಜರಡಿಯಾದವು. ಹೂವನ್ನು ಕೊರೆಯಲು ಮಾತ್ರ ಕೈ ಬರಲಿಲ್ಲ.

ಶುಕ್ರವಾರ ಬಂತು. ಹೆಂಡತಿ ಗಂಡನನ್ನು ಬಾಗಿಲಾಚೆ ಕೂರಿಸಿ ಅಪ್ಪಣೆ ಮಾಡಿದಳು: "ಮುಗಿಯೋವರೆಗೂ ಒಳಗೆ ಬರಬೇಡಿ. ಸಲಹೆ ಬೇಡ, ಸಹಾಯ ಮೊದಲೇ ಬೇಡ."

ಬಡಗಿ ಹೊಸ್ತಿಲಾಚೆ ಕೂತ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂತು, ಮಧ್ಯಾಹ್ನ ಹೋಗಿ ಬಿಸಿಲು ಗೋಡೆಯಿಂದಿಳಿಯಿತು. ಫ್ಯಾನಿನ ಸದ್ದು ಒಂದು ಸಲವೂ ಮುಗ್ಗರಿಸಲಿಲ್ಲ. ತಾನು ಕೊರೆದ ಒಂದೊಂದು ತೂತಿನ ಬಗ್ಗೆಯೂ ಅವನಿಗೆ ಹೆಮ್ಮೆ ಹುಟ್ಟಿತು.

"ರೀ, ಮುಗೀತು," ಎಂದು ಒಳಗಿನಿಂದ ದನಿ ಬಂತು. "ಬನ್ನಿ, ನೋಡಿ. ಸೇವ್ ಆಗ್ತಿದೆ, ಆಮೇಲೆ ಕಳಿಸೋದೊಂದೇ."

ಅವನು ಓಡಿದ. ಪರದೆಯ ತುಂಬ ಜಿರಾಫೆ ನಿಂತಿತ್ತು. ಅದರ ಉದ್ದ ಕತ್ತಿನ ಮೇಲೆ ಪುಟ್ಟ ಹಕ್ಕಿಯೊಂದು, ಏಣಿ ಹತ್ತುವವರ ಹಾಗೆ, ಮಚ್ಚೆಯಿಂದ ಮಚ್ಚೆಗೆ ಕಾಲಿಡುತ್ತ ಆಕಾಶದ ಕಡೆ ಹೊರಟಿತ್ತು. ಇಷ್ಟು ದಿನ ಆರಿದ್ದನ್ನಷ್ಟೇ ನೋಡಿದ್ದ. ಉರಿಯುತ್ತಿದ್ದಾಗ ಅದರಲ್ಲಿ ಏನಿತ್ತೆಂದು ಕಣ್ತುಂಬ ನೋಡಿರಲೇ ಇಲ್ಲ.

"ಎಷ್ಟು ಚೆನ್ನಾಗಿದೆಯೇ," ಎಂದು ಮೇಜಿನ ಮೇಲೆ ಬಗ್ಗಿದ.

ಟಕ್.

ಮೂವರೂ ಕಲ್ಲಾದರು. ಮೂವರು ಏಕೆಂದರೆ, ಚಹಾ ಹಿಡಿದುಕೊಂಡು ತಾಯಿ ಆಗಷ್ಟೇ ಬಾಗಿಲಿಗೆ ಬಂದಿದ್ದಳು. ಅವಳೊಬ್ಬಳು ಪರದೆಯನ್ನು ನೋಡುತ್ತಿರಲಿಲ್ಲ.

"ಅದ್ಯಾಕೋ," ಎಂದಳು ತಾಯಿ, "ಆ ಹೂವನ್ನ ಹಾಗೆ ಒತ್ತಿ ಹಿಡ್ಕೊಂಡಿದ್ದೀಯ?"

ಬಡಗಿ ಕೆಳಗೆ ನೋಡಿದ. ಅವನ ಬಲಗೈ ಪೆಟ್ಟಿಗೆಯ ಎದುರು ಹಲಗೆಯ ಮೇಲಿತ್ತು. ಹೆಬ್ಬೆರಳು ಮೊಗ್ಗಿನ ಮೇಲೆ, ಗಂಧ ತೇಯುವವರ ಹಾಗೆ, ಮೆಲ್ಲಗೆ ಒತ್ತಿ ಸುತ್ತುತ್ತಿತ್ತು. ಬಡಗಿಗಳು ಮರದ ನಯ ಅಳೆಯುವುದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಎಲ್ಲಿ ಮರ ಸಿಕ್ಕರೂ ಅವನ ಬೆರಳು ಅವನನ್ನು ಕೇಳದೆಯೇ ಅಲ್ಲಿಗೆ ಹೋಗಿ ಸವರುತ್ತಿತ್ತು. ಕಂಪ್ಯೂಟರಿನ ಸ್ವಿಚ್ಚನ್ನು ನಾಲ್ಕೈದು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ, ಒಳಗೆ ಏನು ನಡೆಯುತ್ತಿದ್ದರೂ ಅದು ಆರಿಹೋಗುತ್ತದೆ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ.

ಅವನು ಆ ಬೆರಳನ್ನು ಮುಖದ ಹತ್ತಿರ ತಂದು ನೋಡಿದ. ಹುಟ್ಟಿದಾಗಿನಿಂದ ಜೊತೆಗಿದ್ದದ್ದು. ಉಂಡ ಮನೆಗೇ ಹೀಗೆ ಮಾಡಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹೆಂಡತಿ ತಾನೇ ತೋರುಬೆರಳಿನಿಂದ ಮೊಗ್ಗನ್ನು ಒಮ್ಮೆ ಒತ್ತಿದಳು. ಫ್ಯಾನು ಎದ್ದಿತು. ಫೈಲು ತೆರೆಯುವಷ್ಟರಲ್ಲಿ ಬಡಗಿಗೆ ಮೂರು ಜನ್ಮ ಕಳೆದಂತಾಯಿತು. ಮೊದಲು ಕೊಂಬು ಬಂತು, ಆಮೇಲೆ ಕತ್ತು, ಹಕ್ಕಿ, ಮಚ್ಚೆಗಳು, ಬಾಲದ ಕುಚ್ಚು. ಎಲ್ಲ ಇತ್ತು; ಆರುವ ಮೊದಲೇ ಸೇವ್ ಮುಗಿದಿತ್ತು. ಅವಳು ಕಳಿಸಿದಳು. ಸ್ವಲ್ಪದರಲ್ಲೇ "ತಲುಪಿತು, ತುಂಬ ಚೆಂದ" ಎಂದು ಪ್ರಕಾಶಕಿಯ ಉತ್ತರವೂ ಬಂತು.

ಆಗ ಅವಳ ಮೊಬೈಲ್ ರಿಂಗಾಯಿತು. ತಮ್ಮ. ಅವಳು ಸ್ಪೀಕರ್ ಹಾಕಿದಳು.

"ಅಕ್ಕ, ಕಳಿಸಿದ್ಯಾ?"

"ಕಳಿಸ್ದೆ ಕಣೋ. ಕೆಟ್ಟಿರೋ ಪಾರ್ಟೂ ಸಿಕ್ತು."

"ಯಾವುದು? ಮದರ್‌ಬೋರ್ಡಾ?"

"ಅಲ್ಲ. ನಿಮ್ಮ ಭಾವನ ಹೆಬ್ಬೆರಳು."

ಆ ಕಡೆಯಿಂದ ಅಂಗಡಿಯವನ ಗಂಭೀರ ದನಿಯಲ್ಲಿ ಪ್ರಶ್ನೆ ಬಂತು: "ಬದಲಾಯಿಸೋಕಾಗುತ್ತಾ?"

"ಹಳೇ ಮಾಡೆಲ್ಲು. ಸ್ಪೇರ್ ಸಿಗಲ್ಲ."

"ಅದರ ಕಂಪನಿಯವರನ್ನ ಕೇಳಿದ್ಯಾ?"

"ಕಂಪನಿಯವರು ಇಲ್ಲೇ ಇದ್ದಾರೆ. ಏನತ್ತೆ, ಏನ್ಹೇಳ್ತೀರಿ?"

"ಕಳಿಸಿಕೊಟ್ಟಾಗ ಚೆನ್ನಾಗೇ ಇತ್ತಮ್ಮ," ಎಂದಳು ತಾಯಿ, ಚಹಾ ಕೆಳಗಿಡುತ್ತ. "ಮದುವೆಯಾದ ಮೇಲೆ ವಾಪಸ್ ತಗೊಳ್ಳಲ್ಲ."

"ಭಾವನಿಗೆ ಫೋನ್ ಕೊಡಕ್ಕ. ನಾನೇ ಒಂದೆರಡು ಪ್ರಶ್ನೆ ಕೇಳಿ ನೋಡ್ತೀನಿ. ಭಾವ, ಅದು ಬಿಸಿ ಆದಾಗ ಮಾತ್ರ ಹೀಗೆ ಮಾಡುತ್ತಾ, ಇಲ್ಲಾ..."

ಹೆಂಡತಿ ಫೋನನ್ನು ಗಂಡನ ಕಡೆ ಚಾಚಿದಳು. ಬಡಗಿ ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯ ಹೆಬ್ಬೆರಳನ್ನು ಎಡಗೈಯ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು, ಮೇಜಿಗಾಗಲಿ ಕುರ್ಚಿಗಾಗಲಿ ಬಾಗಿಲ ಚೌಕಟ್ಟಿಗಾಗಲಿ ಮೈ ತಾಕದಂತೆ ನಡುವಿನಲ್ಲಿ ನಡೆದು ಹೊರಗೆ ಹೊರಟುಹೋದ.