ಸೊಸೆಯ ಬಲಗೈ ಹುದ್ದೆಯಲ್ಲಿ ನನ್ನನ್ನು ಮುಂದುವರಿಸುವ ಬಗ್ಗೆ

ಇಂದ,
ಅತ್ತೆ,
ನಿವೃತ್ತ ಅಧೀಕ್ಷಕಿ, ಆವಕ-ಜಾವಕ ಶಾಖೆ,
ಎರಡನೇ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಮನೆ.

ಗೆ,
ಮಾನ್ಯ ಮುಖ್ಯಸ್ಥರು,
ಆಟಗಾರರ ಶಿಸ್ತು ವಿಭಾಗ,
ಲೋಕವೆಲ್ಲ ಹಾಳಾದ ಮೇಲೆ ಒಬ್ಬಳು ಹುಡುಗಿ ಬದುಕಿ ಉಳಿಯುವ ವಿಡಿಯೋ ಗೇಮನ್ನು ತಯಾರಿಸಿದ ಕಂಪನಿ.

ವಿಷಯ: ಬೀಗ ಹಾಕಲಾಗಿರುವ ನನ್ನ ಸೊಸೆಯ ಆಟದ ಖಾತೆಯನ್ನು ತೆರೆಯುವ ಬಗ್ಗೆ, ಹಾಗೂ ಸದರಿ ಖಾತೆಯಲ್ಲಿ ಬಲಗೈಯಾಗಿ ಸೇವೆ ಸಲ್ಲಿಸುತ್ತಿರುವ ನನ್ನನ್ನು ಅದೇ ಹುದ್ದೆಯಲ್ಲಿ ಮುಂದುವರಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ನೋಟೀಸು. ದಿನಾಂಕ ಇಲ್ಲ. ನೋಟೀಸಿಗೆ ದಿನಾಂಕ ಹಾಕದೆ ಕಳಿಸುವುದು ಯಾವ ಕಚೇರಿಗೂ ಶೋಭೆಯಲ್ಲ.
2. ತಮ್ಮ ಆಟದ ನಿಯಮಾವಳಿಯ ನಿಯಮ 14.
3. ನೋಟೀಸು ಓದಿದಾಗ ನನ್ನ ಸೊಸೆಯ ಮುಖ.

ಮಾನ್ಯರೇ,

ಉಲ್ಲೇಖ 1ರಲ್ಲಿ ತಾವು, "ಈ ಖಾತೆಯ ಆಟಗಾರರ ಎಡಗೈ ಓಡಿಹೋಗುತ್ತಿರುವಾಗಲೇ ಬಲಗೈ ಹೊಡೆದಾಡುತ್ತಿರುವುದು ಪದೇ ಪದೇ ಕಂಡುಬಂದಿದೆ. ಆದಕಾರಣ ಇದನ್ನು ಆಡುತ್ತಿರುವುದು ಒಬ್ಬ ವ್ಯಕ್ತಿಯಲ್ಲ ಎಂಬ ಅನುಮಾನವಿದೆ" ಎಂದು ತಿಳಿಸಿ ಖಾತೆಗೆ ಬೀಗ ಹಾಕಿರುತ್ತೀರಿ. ಹದಿನೈದು ದಿನಗಳಲ್ಲಿ ವಿವರಣೆ ಹಾಗೂ ವೈದ್ಯಕೀಯ ಪ್ರಮಾಣಪತ್ರ ಬಾರದಿದ್ದರೆ ಖಾತೆಯನ್ನು ಅಳಿಸಿಹಾಕುವುದಾಗಿಯೂ ಹೇಳಿರುತ್ತೀರಿ. ಇಂದಿಗೆ ಹನ್ನೊಂದು ದಿನವಾಯಿತು.

ತಮ್ಮ ಅನುಮಾನ ನೂರಕ್ಕೆ ನೂರು ಸರಿ. ಎಡಗೈ ನನ್ನ ಸೊಸೆಯದು, ಬಲಗೈ ನನ್ನದು. ಓಡುವ ಸ್ವಭಾವ ಅವಳದು, ಮೈಮೇಲೆ ಬೀಳುವ ಸ್ವಭಾವ ನನ್ನದು. ಇದರಲ್ಲಿ ಮೋಸವಿಲ್ಲವೆಂಬುದನ್ನು ಈ ಕೆಳಕಂಡ ಅಂಶಗಳ ಮೂಲಕ ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ನನ್ನ ಸೊಸೆ ಲಿಫ್ಟ್ ಮೆಕ್ಯಾನಿಕ್. ಹನ್ನೆರಡು ಮಹಡಿಯ ಎತ್ತರದಲ್ಲಿ ಹಗ್ಗಕ್ಕೆ ನೇತುಬಿದ್ದು ಕೆಲಸ ಮಾಡುವವಳು. ಅಂಥವಳು ನಮ್ಮ ಮನೆಯ ಬಚ್ಚಲಿನಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿ, ಜಾರಿ ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡಳು. ಮಗ ಬರುವವರೆಗೆ ಕಾಯುತ್ತೇನೆ ಎಂದವಳಿಗೆ, "ಅಷ್ಟಕ್ಕೆಲ್ಲಾ ಅವನ್ಯಾಕೆ?" ಎಂದು ಸ್ಟೂಲು ತಂದುಕೊಟ್ಟವಳು ನಾನು. ಇದು ದಾಖಲೆಯಲ್ಲಿರಲಿ.

2. ಅದಕ್ಕೂ ಮೊದಲಿನ ಮೂರು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ಅಷ್ಟೇ. "ಊಟ ಆಯ್ತಾ?" "ಆಯ್ತು ಅತ್ತೆ." "ಬಾಗಿಲು ಹಾಕಿದ್ಯಾ?" "ಹಾಕಿದೆ ಅತ್ತೆ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಜಗಳವೇನೂ ಇರಲಿಲ್ಲ. ಜಗಳವಾಡಲಿಕ್ಕೂ ಸ್ವಲ್ಪ ಸಲಿಗೆ ಬೇಕಲ್ಲ. ಮದುವೆಯಾದ ಹೊಸದರಲ್ಲಿ ಅವಳು ಫ್ರಿಜ್ಜಿನ ಮೇಲೆ ನನಗಾಗಿ ಚೀಟಿ ಬರೆದು ಅಂಟಿಸುತ್ತಿದ್ದಳು. ಒಂದು ದಿನ ನಾನು ಅದರಲ್ಲಿದ್ದ ತಪ್ಪುಗಳನ್ನು ಕೆಂಪು ಇಂಕಿನಲ್ಲಿ ತಿದ್ದಿದೆ. ಅಭ್ಯಾಸಬಲ. ಆಮೇಲೆ ಚೀಟಿಗಳು ಬರಲಿಲ್ಲ.

3. ಕೈಗೆ ಪ್ಲಾಸ್ಟರ್ ಹಾಕಿದ ಎರಡನೇ ವಾರ, ಸಂಜೆ ಆರು ಗಂಟೆಗೆ, ನಾನು ನಡುಮನೆಗೆ ಬಂದಾಗ ಅವಳು ತಮ್ಮ ಆಟದ ರಿಮೋಟನ್ನು ನೆಲದ ಮೇಲಿಟ್ಟುಕೊಂಡು, ಎಡಗೈಯಲ್ಲಿ ಒಂದು ಕಡೆ ಹಿಡಿದು, ಬಲಗಾಲಿನ ಹೆಬ್ಬೆರಳಿನಿಂದ ಗುಂಡಿಗಳನ್ನು ಒತ್ತುತ್ತಿದ್ದಳು.

"ಏನೇ ಇದು ಅವತಾರ?"

"ಇವತ್ತು ಏನಾದ್ರೂ ತಿನ್ನಿಸ್ಲಿಲ್ಲ ಅಂದ್ರೆ ಇವಳು ಸತ್ತೋಗ್ತಾಳೆ ಅತ್ತೆ. ಇನ್ನೂರ ಹನ್ನೆರಡು ದಿನ ಉಳಿಸ್ಕೊಂಡು ಬಂದಿದ್ದೀನಿ."

ಪರದೆಯ ಮೇಲೆ ಮುರಿದ ಸೇತುವೆಯ ಕೆಳಗೆ ಹರಿದ ಕೋಟು ಹಾಕಿಕೊಂಡ ಒಬ್ಬಳು ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಕಾಲಿನಲ್ಲಿ ಊಟ ಹಾಕುವುದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

"ಕಾಲು ತೆಗಿ ಮೊದ್ಲು. ಯಾವ ಗುಂಡಿ ಹೇಳು, ನಾನು ಒತ್ತುತೀನಿ."

ಹೀಗೆ ನಾನು ಕೆಲಸಕ್ಕೆ ಹಾಜರಾದೆ.

4. ಈಗ ತಮ್ಮ ಗುಂಡಿಗಳ ವಿಚಾರ. ಎಡಗೈ ಕಡೆಯ ಕಡ್ಡಿ ಹುಡುಗಿಯನ್ನು ನಡೆಸಲು, ಓಡಿಸಲು; ಅದು ಸೊಸೆಯ ಪಾಲು. ಬಲಗೈ ಕಡೆಯ ನಾಲ್ಕರಲ್ಲಿ ಮೇಲಿನದು ಜಿಗಿಯಲು, ಕೆಳಗಿನದು ಬಗ್ಗಿ ಕೂರಲು, ಎಡದ್ದು ಬಿದ್ದದ್ದನ್ನು ಎತ್ತಿಕೊಳ್ಳಲು, ಬಲದ್ದು ಕೈಯಲ್ಲಿರುವುದನ್ನು ತಿನ್ನಲು. ಇಲ್ಲಿಯವರೆಗೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಬೆನ್ನಿನ ಕಡೆ ಇರುವ ಗುಂಡಿಯನ್ನು ಒತ್ತಿ ಬಿಟ್ಟರೆ ಹೊಡೆತ, ಒತ್ತಿ ಹಿಡಿದರೆ ಎಸೆತ ಎಂದು ಮಾಡಿದ ಪುಣ್ಯಾತ್ಮರು ಯಾರು? ಮೂವತ್ತೊಂದು ವರ್ಷ ಮೊಹರು ಒತ್ತಿದ ಕೈ ನನ್ನದು. ಒತ್ತಿದ ಮೇಲೆ ಅಕ್ಷರ ಚೆನ್ನಾಗಿ ಮೂಡಲಿ ಎಂದು ಒಂದು ಗಳಿಗೆ ಹಿಡಿಯದಿದ್ದರೆ ನನಗೆ ಸಮಾಧಾನವಿಲ್ಲ. ಈ ಕಾರಣದಿಂದಾಗಿ ಮೊದಲ ದಿನವೇ ನಮ್ಮ ಹುಡುಗಿ ಕೊಡಲಿ, ಟಾರ್ಚು, ಎರಡು ಡಬ್ಬಿ ಆಹಾರ, ಅರ್ಧ ಬಾಟಲಿ ನೀರು, ಎಲ್ಲವನ್ನೂ ಶತ್ರುವಿನ ಮೇಲೆ ಒಂದೊಂದಾಗಿ ಎಸೆದು ಬರಿಗೈಯಲ್ಲಿ ನಿಂತಳು.

"ಇನ್ನೇನು ಬಾಕಿ ಅತ್ತೆ, ಬಾಗಿಲು ಕಿತ್ತು ಎಸೀರಿ!" ಎಂದು ಸೊಸೆ ನಗಲಿಕ್ಕೆ ಶುರುಮಾಡಿದಳು. ಪ್ಲಾಸ್ಟರ್ ಹಾಕಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕರೆ ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ.

5. ಶತ್ರುಗಳ ವರ್ಗೀಕರಣದ ಬಗ್ಗೆ. ತಾವು ಇಟ್ಟ ಹೆಸರುಗಳು ನಾಲಿಗೆಗೆ ಹೊರಳದ ಕಾರಣ ನಮ್ಮ ಮನೆಯಲ್ಲಿ ಈ ಕೆಳಕಂಡಂತೆ ವಿಂಗಡಿಸಿಕೊಂಡಿದ್ದೇವೆ.

(ಅ) ಸಾಲಿನವರು: ನಿಧಾನವಾಗಿ ಕಾಲೆಳೆದುಕೊಂಡು ಒಬ್ಬರ ಹಿಂದೊಬ್ಬರು ಬರುತ್ತಾರೆ. ಇವರನ್ನು ನಿಭಾಯಿಸುವುದು ನನಗೆ ಕಷ್ಟವಾಗಲಿಲ್ಲ. ಇಡೀ ಸೇವಾವಧಿಯಲ್ಲಿ ಕೌಂಟರಿನ ಆಚೆ ಇವರನ್ನೇ ನೋಡಿದ್ದೇನೆ.

(ಆ) ಕಿರುಚುಬಾಯಿ: ತಾನೇ ಏನೂ ಮಾಡುವುದಿಲ್ಲ, ನಮ್ಮನ್ನು ಕಂಡ ಕೂಡಲೇ ಊರಿಗೆಲ್ಲ ಕೇಳುವಂತೆ ಅರಚಿ ಉಳಿದವರನ್ನು ಕರೆಯುತ್ತದೆ. ಇಂಥವರೊಬ್ಬರು ಬೆರಳಚ್ಚು ವಿಭಾಗದಲ್ಲಿದ್ದರು. ಹೆಸರು ಬೇಡ.

(ಇ) ಉಬ್ಬಣ್ಣ: ಊದಿಕೊಂಡಿರುತ್ತಾನೆ, ಮುಟ್ಟಿದರೆ ಸಿಡಿಯುತ್ತಾನೆ. ಇವನಿಂದ ದೂರ ಹೋಗಬೇಕೆಂದು ಸೊಸೆಯ ವಾದ, ದೂರದಿಂದ ಇಟ್ಟಿಗೆ ಎಸೆಯಬೇಕೆಂದು ನನ್ನ ವಾದ. ಎಡಗೈ ಓಡುತ್ತಿರುವಾಗ ಬಲಗೈ ಹೊಡೆಯುತ್ತಿತ್ತೆಂದು ತಾವು ಬರೆದಿರುವುದು ಬಹುಮಟ್ಟಿಗೆ ಈ ಉಬ್ಬಣ್ಣನ ಪ್ರಕರಣಗಳೇ ಇರಬೇಕು.

"ಹಿಂದೆ ತಿರುಗಿ ಹೊಡೀಬೇಡಿ ಅತ್ತೆ, ಓಡೋಣ!"

"ನೀನು ಓಡ್ತಿರು, ನಾನು ಹೊಡೀತಿರ್ತೀನಿ. ನಿನ್ನ ಕೆಲಸಕ್ಕೆ ನಾನು ಅಡ್ಡ ಬಂದ್ನಾ?"

(ಈ) ಕಿವಿಗಳು: ಇವಕ್ಕೆ ಕಣ್ಣಿಲ್ಲ, ಸದ್ದು ಕೇಳಿಯೇ ಮೈಮೇಲೆ ಬೀಳುತ್ತವೆ. ಇವು ಹತ್ತಿರ ಬಂದಾಗ ಉಸಿರು ಹಿಡಿಯುವ ಗುಂಡಿ ಒತ್ತಬೇಕು. ಇಲ್ಲಿ ನನ್ನಿಂದ ಒಂದು ತಪ್ಪಾಗಿದೆ, ಒಪ್ಪಿಕೊಳ್ಳುತ್ತೇನೆ. ಅವಕ್ಕೆ ನಮ್ಮ ಮನೆಯ ಸದ್ದೂ ಕೇಳಿಸುತ್ತದೆಂದು ನಾನು ತಿಳಿದುಕೊಂಡಿದ್ದೆ. ಆದ್ದರಿಂದ ಒಂದು ವಾರ ಪೂರ್ತಿ ಸಂಜೆ ಆರರಿಂದ ಏಳೂವರೆಯವರೆಗೆ ಮಿಕ್ಸಿ, ಕುಕ್ಕರು, ಫ್ಯಾನು ಮೂರನ್ನೂ ನಿಷೇಧಿಸಿದ್ದೆ. ಅಡುಗೆ ಮಾಡುವುದು ನನ್ನ ಮಗ. ಬೇಕರಿಯಲ್ಲಿ ದಿನವಿಡೀ ದುಡಿದು ಬಂದು ಮನೆಯಲ್ಲೂ ಒಲೆ ಮುಂದೆ ನಿಲ್ಲುವ ಪಾಪದವನು. ಒಗ್ಗರಣೆಗೆ ಸಾಸಿವೆ ಹಾಕಿ ಅದು ಚಟಪಟ ಎಂದಾಗ ನಾನು ಅವನನ್ನು ನೋಡಿದ ನೋಟಕ್ಕೆ ಅವನು ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ತುದಿಗಾಲಲ್ಲಿ ಬಂದು, "ಅಮ್ಮಾ, ಸೀನಬಹುದಾ?" ಎಂದು ಸನ್ನೆಯಲ್ಲಿ ಕೇಳಿದ. ನಾವಿಬ್ಬರೂ ಆಗ ನಿಜವಾಗಿಯೂ ಉಸಿರು ಹಿಡಿದುಕೊಂಡು ಕೂತಿದ್ದೆವು. ಸೊಸೆಗೆ ಸತ್ಯ ಗೊತ್ತಿತ್ತು. ವಾರದವರೆಗೆ ಬಾಯಿ ಬಿಡಲಿಲ್ಲ, ಕಿಲಾಡಿ. ಕೇಳಿದರೆ, "ನೀವು ಅಷ್ಟು ಶ್ರದ್ಧೆಯಿಂದ ಮಾಡ್ತಿದ್ರಿ ಅತ್ತೆ, ಹೇಳೋಕೆ ಮನಸ್ಸು ಬರ್ಲಿಲ್ಲ" ಎಂದಳು.

6. ಇಂತಹ ಪರಿಸ್ಥಿತಿಯಲ್ಲೂ ಇನ್ನೂರ ಹನ್ನೆರಡಿದ್ದ ದಿನಗಳನ್ನು ಇನ್ನೂರ ತೊಂಬತ್ತಾರಕ್ಕೆ ಮುಟ್ಟಿಸಿದ್ದೇವೆ. ಹುಡುಗಿಗೆ ಪೆಟ್ರೋಲ್ ಬಂಕಿನ ಹಿಂದೆ ತಗಡಿನ ಮನೆ ಕಟ್ಟಿಕೊಟ್ಟಿದ್ದೇವೆ. ಮಳೆನೀರು ಹಿಡಿಯಲು ಡ್ರಮ್ಮು ಇಟ್ಟಿದ್ದೇವೆ. ಆಟದ ನಡುನಡುವೆ ಸೊಸೆ ತನ್ನ ಕೆಲಸದ ಕಥೆ ಹೇಳುತ್ತಾಳೆ, ನಾನು ನಮ್ಮ ಕಚೇರಿಯ ಕಥೆ ಹೇಳುತ್ತೇನೆ. ಫ್ರಿಜ್ಜಿನ ಮೇಲೆ ಚೀಟಿಗಳು ಮತ್ತೆ ಬಂದಿವೆ. ತಪ್ಪುಗಳಿರುತ್ತವೆ. ಇರಲಿ.

7. ಉಲ್ಲೇಖ 2ರ ನಿಯಮ 14ನ್ನು ನಾನು ನಾಲ್ಕು ಬಾರಿ ಓದಿದ್ದೇನೆ. ತಮ್ಮ ಕಂಪನಿಯಲ್ಲಿ ಅದನ್ನು ಅಷ್ಟು ಬಾರಿ ಓದಿದವರು ಯಾರೂ ಇರಲಾರರು. "ಒಂದು ಕೈಯಿಂದ ಮಾತ್ರ ಆಡಬಲ್ಲ ಆಟಗಾರರು ಇನ್ನೊಂದು ಕೈಗೆ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಬಹುದು. ಎರಡನೇ ಕೈ ಆಡಲು ಶಕ್ತವಾದ ದಿನ ಸಹಾಯಕರು ತೆರವಾಗತಕ್ಕದ್ದು." ಅಂದರೆ ಸೊಸೆಯ ಕೈ ವಾಸಿಯಾದ ದಿನ ನಾನು ಮನೆಗೆ. ಮನೆಯಲ್ಲೇ ಇದ್ದೇನೆ, ಆದರೂ ಮನೆಗೆ.

8. ತಾವು ಕೇಳಿದ ವೈದ್ಯಕೀಯ ಪ್ರಮಾಣಪತ್ರವನ್ನು ಕೊಡು ಎಂದು ಸೊಸೆಯನ್ನು ಮೂರು ದಿನ ಕೇಳಿದೆ. "ಹುಡುಕ್ತೀನಿ ಅತ್ತೆ", "ಆಸ್ಪತ್ರೆಯಲ್ಲೇ ಇರ್ಬೇಕು ಅತ್ತೆ", "ಇನ್ನೂ ಕೈ ಎಳೀತಿದೆ, ಕೊಡೋದು ತಡ ಆಗುತ್ತಂತೆ ಅತ್ತೆ" ಎಂದು ಮೂರು ದಿನಕ್ಕೆ ಮೂರು ಉತ್ತರ. ಗಡುವು ಹತ್ತಿರ ಬರುತ್ತಿದ್ದ ಕಾರಣ ನಿನ್ನೆ ಅವಳು ಸ್ನಾನಕ್ಕೆ ಹೋದಾಗ, ಬಾಗಿಲ ಹಿಂದೆ ನೇತುಹಾಕಿದ್ದ ಅವಳ ಸಾಮಾನಿನ ಚೀಲಕ್ಕೆ ಕೈ ಹಾಕಿದೆ. ಇನ್ನೊಬ್ಬರ ಚೀಲಕ್ಕೆ ಕೈ ಹಾಕಬಾರದು. ಹಾಕಿದೆ.

ಸ್ಪ್ಯಾನರುಗಳ ಕೆಳಗೆ ನಾಲ್ಕು ಮಡಿಕೆಯಾಗಿ ಪ್ರಮಾಣಪತ್ರ ಇತ್ತು. "ಮೂಳೆ ಪೂರ್ಣವಾಗಿ ಕೂಡಿಕೊಂಡಿದೆ. ಎಲ್ಲ ಕೆಲಸಕ್ಕೂ ಅರ್ಹರು." ಐದು ವಾರಗಳ ಹಿಂದಿನ ದಿನಾಂಕ. ಮೊಹರು ನೋಡಿದೆ, ಅಸಲಿ.

9. ಐದು ವಾರದಿಂದ ಅವಳು ಬೆಳಗ್ಗೆ "ಆಫೀಸಲ್ಲಿ ಕೂತು ಫೋನ್ ತಗೊಳ್ಳೋ ಕೆಲಸ ಕೊಟ್ಟಿದ್ದಾರೆ" ಎಂದು ಹೇಳಿ ಹೋಗಿ, ಎರಡೂ ಕೈಯಲ್ಲಿ ಲಿಫ್ಟು ರಿಪೇರಿ ಮಾಡಿ, ಸಂಜೆ ಮನೆಗೆ ಬಂದು, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ನನ್ನ ಪಕ್ಕ ಕೂರುತ್ತಿದ್ದಾಳೆ. ಬಲಗೈ ಉಗುರಿನಲ್ಲಿ ಗ್ರೀಸು ಇರುತ್ತಿತ್ತು. ಫೋನಿಗೆ ಯಾರು ಗ್ರೀಸು ಹಚ್ಚುತ್ತಾರೆ? ಇಷ್ಟು ದಿನ ನನ್ನ ತಲೆಗೆ ಹೋಗಲಿಲ್ಲವಲ್ಲ.

ಮೊದಲು ಸಿಟ್ಟೇ ಬಂತು. ಸುಳ್ಳು ಕಾರಣ ಕೊಟ್ಟು ರಜೆ ತೆಗೆದುಕೊಂಡವರು ನನ್ನ ಶಾಖೆಯಲ್ಲಿ ಒಬ್ಬರೂ ದಕ್ಕಿಸಿಕೊಂಡಿಲ್ಲ. ಆಮೇಲೆ ಯೋಚಿಸಿದೆ. ಎರಡು ಕೈಯಲ್ಲಿ ಅವಳೊಬ್ಬಳೇ ಆಡಿದರೆ ನನಗಿಂತ ಹತ್ತು ಪಾಲು ಚೆನ್ನಾಗಿ ಆಡುತ್ತಾಳೆ. ಆ ಉಬ್ಬಣ್ಣನಿಂದ ನಾನು ಹುಡುಗಿಗೆ ತಿನ್ನಿಸಿದ ಪೆಟ್ಟು ಒಂದೆರಡಲ್ಲ. ಹಾಗಿದ್ದರೂ ದಿನಾ ಆರು ಗಂಟೆಗೆ, "ಅತ್ತೆ, ಬನ್ನಿ, ಬಲಗೈ ಬೇಕು" ಎಂದು ಕರೆಯುತ್ತಾಳೆ. ನನ್ನ ಪಕ್ಕದಿಂದ ಎದ್ದುಹೋಗಲು ನೆಪ ಹುಡುಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಕೂರಲು ನೆಪ ಹುಡುಕಿದವಳು ಇವಳೊಬ್ಬಳೇ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅತ್ತುಬಿಟ್ಟೆ ಕೂಡ. ತುಂಬಾ ಸಂತೋಷಕ್ಕೆ ಅತ್ತೆ.

10. ಖಾತೆಗೆ ಬೀಗ ಬಿದ್ದ ಮೇಲೂ ನಾವು ಆರು ಗಂಟೆಗೆ ಸರಿಯಾಗಿ ಕೂರುತ್ತೇವೆ. ಪರದೆಯ ಮೇಲೆ ಮುಚ್ಚಿದ ಗೇಟು, ಅದರ ಮೇಲೆ ತಮ್ಮ ನೋಟೀಸು, ಅಷ್ಟೇ ಕಾಣುತ್ತದೆ. ನಿನ್ನೆಯೂ ಕೂತೆವು. ಅವಳು ಬ್ಯಾಂಡೇಜು ಸುತ್ತಿಕೊಂಡೇ ಬಂದಿದ್ದಳು.

"ಅವಳಿಗೆ ಅಲ್ಲಿ ಹಸಿವಾಗ್ತಿರುತ್ತಾ ಅತ್ತೆ?"

"ಬೀಗ ಹಾಕಿರೋವಾಗ ಹಸಿವು ಲೆಕ್ಕಕ್ಕಿಲ್ಲ ಅಂತ ನಿಯಮ ಒಂಬತ್ತರಲ್ಲಿದೆ. ನೀನು ಚಿಂತೆ ಮಾಡ್ಬೇಡ."

"ಖಾತೆ ತೆಗೆದ್ರೂ ನೀವೇ ಬಲಗೈ, ಆಯ್ತಾ? ನಂಗಿನ್ನೂ ಎಳೀತಿದೆ."

"ಹೂಂ ಕಣಮ್ಮ. ಮೂಳೆ ವಿಷಯ, ದುಡುಕಬಾರದು" ಎಂದೆ. ಇದು ನನ್ನ ಜೀವನದಲ್ಲಿ ನಾನು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು. ಸಲೀಸಾಗಿ ಬಂತು.

11. ಆದರೆ ಕಚೇರಿಗೆ ಸುಳ್ಳು ಬರೆಯುವುದು ನನ್ನಿಂದಾಗದು. ಆದಕಾರಣ ನಿಯಮ 14ನ್ನು ಐದನೇ ಬಾರಿ ಓದಿದೆ. ಅದರಲ್ಲಿ ಗಾಯ ಎಂಬ ಪದವೇ ಇಲ್ಲ. "ಒಂದು ಕೈಯಿಂದ ಮಾತ್ರ ಆಡಬಲ್ಲ ಆಟಗಾರರು" ಎಂದಷ್ಟೇ ಇದೆ. ಮಾನ್ಯರೇ, ಆ ಆಟಗಾರ್ತಿ ನಾನು. ನನಗೆ ಎಡಗೈಯಲ್ಲಿ ಆಡಲು ಬರುವುದಿಲ್ಲ. ಒಮ್ಮೆ ಸೊಸೆ ಚಹಾ ತರಲು ಹೋದಾಗ ಎಡಗೈ ಪ್ರಭಾರವನ್ನು ನಾನೇ ವಹಿಸಿಕೊಂಡಿದ್ದೆ. ಅವಳು ಬರುವಷ್ಟರಲ್ಲಿ ನಮ್ಮ ಹುಡುಗಿ ಗೋಡೆಗೆ ಮುಖ ಕೊಟ್ಟು ಆರು ನಿಮಿಷ ನಡೆದಿದ್ದಳು. ಈ ನ್ಯೂನತೆ ವಾಸಿಯಾಗುವ ಲಕ್ಷಣವಿಲ್ಲ. ವಾಸಿ ಮಾಡಿಕೊಳ್ಳುವ ಉದ್ದೇಶವೂ ನನಗಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಖಾತೆಯನ್ನು ಸೊಸೆಯ ಹೆಸರಿನಲ್ಲೇ ಉಳಿಸಿ, 'ಆಟಗಾರರು' ಎಂಬ ಕಾಲಂನಲ್ಲಿ ನನ್ನನ್ನೂ 'ಸಹಾಯಕರು' ಎಂಬ ಕಾಲಂನಲ್ಲಿ ಎರಡೂ ಕೈ ಗಟ್ಟಿಮುಟ್ಟಾಗಿರುವ ನನ್ನ ಸೊಸೆಯನ್ನೂ ನಮೂದಿಸಿ, ಗೇಟನ್ನು ಕೂಡಲೇ ತೆರೆಯಲು ಆದೇಶ ಹೊರಡಿಸಬೇಕಾಗಿ ಕೋರುತ್ತೇನೆ. ಆದೇಶಕ್ಕೆ ದಿನಾಂಕ ಹಾಕುವುದು.

ತಮ್ಮ ವಿಶ್ವಾಸಿ,
(ಸಹಿ)
ಅತ್ತೆ

ಲಗತ್ತುಗಳು:
1. ತಮ್ಮ ನೋಟೀಸಿನ ಪ್ರತಿ. ಸ್ವೀಕೃತಿ ದಿನಾಂಕವನ್ನು ನಾನೇ ಬರೆದಿದ್ದೇನೆ.
2. ಹುಡುಗಿ ಗೋಡೆಗೆ ಮುಖ ಕೊಟ್ಟು ನಡೆದದ್ದನ್ನು ಕಣ್ಣಾರೆ ಕಂಡ ನನ್ನ ಮಗನ ಲಿಖಿತ ಹೇಳಿಕೆ.
3. ಸೊಸೆಯ ವೈದ್ಯಕೀಯ ಪ್ರಮಾಣಪತ್ರದ ನಕಲು. ಮೂಲ ಪ್ರತಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಸ್ಪ್ಯಾನರುಗಳ ಕೆಳಗೆ ಇಟ್ಟಿದ್ದೇನೆ.

ವಿಶೇಷ ಸೂಚನೆ: ತಮ್ಮ ಉತ್ತರವನ್ನು ಮೊದಲು ಓದುವವಳು ನನ್ನ ಸೊಸೆ. ಆದ್ದರಿಂದ ಅಂಶ 8, 9 ಹಾಗೂ ಲಗತ್ತು 3ರ ಬಗ್ಗೆ ಅದರಲ್ಲಿ ಒಂದಕ್ಷರವನ್ನೂ ಬರೆಯಬಾರದಾಗಿ ವಿನಂತಿ. ಸದರಿ ಕೈ ನಮ್ಮ ಮನೆಯ ಮಟ್ಟಿಗೆ ಇನ್ನೂ ನೋಯುತ್ತಿದೆ.